ಹಿತ್ತಾಳೆಯ ತೋಟಾ ಮತ್ತು ನಾಲ್ಕು ಸಾಲಿನ ಚೀಟಿ

(ಬೋಧನಾ ಅಭ್ಯಾಸದ ಅನುಭವ. ತರಗತಿ: ಒಂಬತ್ತು. ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಚಲನೆಯ ನಿಯಮಗಳು)

ಹಿನ್ನೆಲೆ

ಎರಡನೆಯ ಹಂತದ ಬೋಧನಾ ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮೈಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೆಯ ತರಗತಿಯಲ್ಲಿ 38 ಮಕ್ಕಳಿದ್ದರು. ನನ್ನ ಪಾಲಿಗೆ ಬಂದದ್ದು ನ್ಯೂಟನ್ನನ ಮೂರನೆಯ ನಿಯಮ. ಬಂದೂಕು ಹಾರಿಸಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ ಎಂಬ ಉದಾಹರಣೆಯನ್ನು ನಾವೆಲ್ಲರೂ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಹೇಳುವ ನಾವಾಗಲಿ, ಬರೆದುಕೊಳ್ಳುವ ಅವರಾಗಲಿ ಅದನ್ನು ಕಂಡಿರುವುದಿಲ್ಲ. ನಿಜವಾದ ಒಂದು ವಸ್ತುವನ್ನು ಮಕ್ಕಳ ಮುಂದೆ ಇಡಬೇಕು ಎಂದು ನನಗೆ ಆಸೆಯಾಯಿತು. ಆಗ ನೆನಪಾದದ್ದು ನಮ್ಮ ದೊಡ್ಡಪ್ಪನ ಕೋಣೆ.

ಆ ಕೋಣೆಯಿಂದ ತರಗತಿಗೆ ಕೊನೆಗೂ ಬಂದದ್ದೇನು, ಬಾರದೆ ಉಳಿದದ್ದೇನು, ಏಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಡೆದ ತಪ್ಪುಗಳಲ್ಲಿ ಎರಡು ನನ್ನವೇ. ಅವನ್ನೂ ಬಿಟ್ಟಿಲ್ಲ.

ದೊಡ್ಡಪ್ಪನ ಕೋಣೆ

ದೊಡ್ಡಪ್ಪ ಭಾರತೀಯ ಸೇನೆಯ ಫಿರಂಗಿ ದಳದಲ್ಲಿದ್ದವರು. ಅವರು ಮೊದಲು ತರಬೇತಿ ಪಡೆದದ್ದು 25 ಪೌಂಡರ್ ಎಂಬ ಫಿರಂಗಿಯ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯ ಫಿರಂಗಿ ಅದು. ನಮ್ಮ ಸೇನೆಯಲ್ಲಿ 1965 ಮತ್ತು 1971ರ ಯುದ್ಧಗಳಲ್ಲೂ ಇತ್ತು. ಅದರ ಶೆಲ್ಲಿನ ತೂಕ 25 ಪೌಂಡ್, ಅಂದರೆ ಸುಮಾರು 11.3 ಕಿಲೋಗ್ರಾಂ. ಹೆಸರು ಬಂದದ್ದು ಅದರಿಂದಲೇ. ನಳಿಗೆಯ ಒಳವ್ಯಾಸ 87.6 ಮಿ.ಮೀ. ಇಡೀ ಫಿರಂಗಿಯ ತೂಕ 1,600 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು.

ನಿವೃತ್ತಿಯ ಮೇಲೆ ಅವರಿಗೆ ಹತ್ತಿದ ಹವ್ಯಾಸ ಈ ಫಿರಂಗಿಗೆ ಸಂಬಂಧಿಸಿದ ಹಳೆಯ ಸಾಮಾನುಗಳನ್ನು ಕೂಡಿಡುವುದು. ಸಿಡಿಯುವ ವಸ್ತು ಒಂದೂ ಅಲ್ಲಿಲ್ಲ. ಇರುವುದು ಹಗ್ಗದ ಹಿಡಿಯ ಮರದ ಪೆಟ್ಟಿಗೆ, ನಳಿಗೆಯ ಏರುಕೋನ ಅಳೆಯುವ ಕ್ಲೈನೋಮೀಟರ್, ಒಂದು ಸ್ಲೈಡ್ ರೂಲ್, ದಾರ ಬಿಚ್ಚಿಹೋದ ದೂರದ ಕೋಷ್ಟಕದ ಪುಸ್ತಕ, ಪ್ಲೈವುಡ್ಡಿನಲ್ಲಿ ಅವರೇ ಮಾಡಿದ ಫಿರಂಗಿಯ ಮಾದರಿ, ಮತ್ತೆ ಒಂದು ಹಿತ್ತಾಳೆಯ ತೋಟಾ ಕವಚ. ಈ ಕವಚ ಸುಮಾರು 29 ಸೆಂ.ಮೀ. ಎತ್ತರದ ಖಾಲಿ ಕೊಳವೆ. ಸರ್ಕಾರಿ ಹರಾಜಿನಲ್ಲಿ ಹಿತ್ತಾಳೆ ಕೊಂಡಿದ್ದ ವ್ಯಾಪಾರಿಯಿಂದ ರಸೀದಿ ಸಮೇತ ತಂದದ್ದು.

25 ಪೌಂಡರಿನಲ್ಲಿ ಶೆಲ್ ಬೇರೆ, ತೋಟಾ ಬೇರೆ. ಮೊದಲು ಶೆಲ್ಲನ್ನು ನಳಿಗೆಗೆ ದೂಡುತ್ತಾರೆ, ಆಮೇಲೆ ಮದ್ದು ತುಂಬಿದ ಕವಚವನ್ನು ಇಡುತ್ತಾರೆ. ಮದ್ದು ಕೆಂಪು, ಬಿಳಿ, ನೀಲಿ ಬಣ್ಣದ ಮೂರು ಚೀಲಗಳಲ್ಲಿ ಇರುತ್ತಿತ್ತು. ದೂರ ಕಡಿಮೆ ಸಾಕಾದರೆ ನೀಲಿ ಚೀಲ ತೆಗೆಯುವುದು, ಇನ್ನೂ ಕಡಿಮೆಗೆ ಬಿಳಿಯದನ್ನೂ ತೆಗೆಯುವುದು. ಕವಚಕ್ಕೆ ಹಿತ್ತಾಳೆಯೇ ಏಕೆ ಎಂದು ಕೇಳಿದೆ. ಮದ್ದು ಉರಿದಾಗ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಒತ್ತಡ ಇಳಿದೊಡನೆ ತುಸು ಕುಗ್ಗುತ್ತದೆ, ಹಾಗಾಗಿ ಹೊರಗೆಳೆಯಲು ಸುಲಭ ಎಂದರು. ತೋಟಾ ಕವಚದ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಶೇ. 70 ತಾಮ್ರ, ಶೇ. 30 ಸತು. ಮಿಶ್ರಲೋಹದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ದೂರದ ಕೋಷ್ಟಕ ನೋಡಿ ನಾನು ಸ್ವಲ್ಪ ಜಂಬದಿಂದಲೇ, "ಇದೆಲ್ಲ ಯಾಕೆ ದೊಡ್ಡಪ್ಪ, ಸೂತ್ರ ಹಾಕಿದರೆ ಸಾಕಲ್ಲ" ಎಂದೆ. ಹಾಕಿಯೂ ನೋಡಿದೆ. ಗರಿಷ್ಠ ಮದ್ದಿನಲ್ಲಿ ಶೆಲ್ಲಿನ ವೇಗ ಸೆಕೆಂಡಿಗೆ ಸುಮಾರು 532 ಮೀಟರ್. 45 ಡಿಗ್ರಿ ಕೋನದಲ್ಲಿ ನಮ್ಮ ಸೂತ್ರದ ಪ್ರಕಾರ ಅದು ಸುಮಾರು 28.9 ಕಿ.ಮೀ. ಹೋಗಬೇಕು. ನಿಜವಾಗಿ ಹೋಗುವುದು ಸುಮಾರು 12.2 ಕಿ.ಮೀ. ಬಿ.ಎಸ್‌ಸಿ.ಯಲ್ಲಿ ಮೂರು ವರ್ಷ "ಗಾಳಿಯ ಪ್ರತಿರೋಧವನ್ನು ಉಪೇಕ್ಷಿಸಿ" ಎಂದು ಬರೆದಿದ್ದೆ. ಉಪೇಕ್ಷಿಸಿದ್ದು ಅರ್ಧಕ್ಕಿಂತ ಹೆಚ್ಚು ದೂರ ಎಂದು ಗೊತ್ತಾದದ್ದು ಆ ಕೋಣೆಯಲ್ಲಿ.

ಪ್ರತಿ ವಸ್ತುವಿನ ಪಕ್ಕದಲ್ಲೂ ದೊಡ್ಡಪ್ಪ ಒಂದು ರಟ್ಟಿನ ಚೀಟಿ ಇಟ್ಟಿದ್ದಾರೆ. ಅದರಲ್ಲಿ ನಾಲ್ಕೇ ಸಾಲು:

1. ಇದು ಏನು
2. ಎಲ್ಲಿಂದ, ಯಾವಾಗ ಬಂತು
3. ಅಪಾಯವಿಲ್ಲವೆಂದು ನೋಡಿದವರು ಯಾರು, ಹೇಗೆ
4. ಇದು ಏನು ಮಾಡಿತು

ತೋಟಾ ಕವಚದ ಚೀಟಿಯಲ್ಲಿ ನಾಲ್ಕನೆಯ ಸಾಲಿನ ಮುಂದೆ "ಗೊತ್ತಿಲ್ಲ" ಎಂದಿತ್ತು. ಬರೆಯಲು ಬೇಸರವಾಗಿರಬೇಕು ಎಂದುಕೊಂಡು ಸುಮ್ಮನಾದೆ.

ನನ್ನ ಮೊದಲ ತಪ್ಪು

ಕವಚವನ್ನು ಶಾಲೆಗೆ ಒಯ್ಯುತ್ತೇನೆ ಎಂದು ನಾನೇ ನಿರ್ಧರಿಸಿಬಿಟ್ಟಿದ್ದೆ. ಅದು ಕಂದುಬಣ್ಣಕ್ಕೆ ತಿರುಗಿತ್ತು. ಮಕ್ಕಳಿಗೆ ಚೆಂದ ಕಾಣಲಿ ಎಂದು ದೊಡ್ಡಪ್ಪ ಸಂತೆಗೆ ಹೋಗಿದ್ದಾಗ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ಅದು ನನಗೆ ಗೊತ್ತು. ಕವಚ ದೇವರಮನೆಯ ದೀಪದಂತೆ ಹೊಳೆಯಿತು.

ದೊಡ್ಡಪ್ಪ ಬಂದು ನೋಡಿದರು. ಪಕ್ಕದಲ್ಲಿ ಕಪ್ಪು ಬಣ್ಣದಲ್ಲಿ ಅಚ್ಚು ಹೊಡೆದಿದ್ದ ಅಕ್ಷರಗಳು ಹೋಗಿದ್ದವು. ತಳದಲ್ಲಿ ಕೊರೆದ ಅಂಕಿಗಳು ಮಾತ್ರ ಉಳಿದಿದ್ದವು. ಬೈಯಲಿಲ್ಲ. "ಈಗ ಇದು ಬರೀ ಚೊಂಬು ಮಗ" ಎಂದಷ್ಟೇ ಹೇಳಿದರು.

ಆಮೇಲೆ ವಿವರಿಸಿದರು. ಆ ಅಕ್ಷರಗಳು ಯಾವ ಕಂತಿನ ಮದ್ದು ತುಂಬಿತ್ತು ಎಂಬುದನ್ನು ಹೇಳುತ್ತಿದ್ದವು. ಹಳೆಯ ವಸ್ತುವಿನ ಮೇಲೆ ಇರುವ ಬಣ್ಣ, ಗೀರು, ಕಂದು ಪದರ ಎಲ್ಲವೂ ಅದರ ದಾಖಲೆ. ಸಂಗ್ರಹಕಾರ ಮಾಡಬೇಕಾದದ್ದು ಒಣಗಿದ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ ತೇವ ತಾಗದಂತೆ ಇಡುವುದು, ಅಷ್ಟೇ. ಹೊಳಪು ಬೇಕೆಂದರೆ ಪಾತ್ರೆ ಅಂಗಡಿಗೆ ಹೋಗಬೇಕು.

ದಾಖಲೆ ಹೋದರೆ ವಸ್ತುವಿಗೆ ಗುಜರಿಯ ಬೆಲೆ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕವೆಂದು ಹೇಳುತ್ತಾರೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಆ ಮಾರಾಟ ರದ್ದಾದದ್ದರಿಂದ ಇಂದು ನಾವು ಅದನ್ನು ನೋಡುತ್ತಿದ್ದೇವೆ. ನಾನು ಮಾಡಿದ್ದು ಸಣ್ಣ ಪ್ರಮಾಣದ ಅದೇ ಕೆಲಸ.

"ಖಾಲಿ ಎಂದು ಯಾರು ಹೇಳಿದರು?"

ಪಾಠಯೋಜನೆಯ ಬೋಧನೋಪಕರಣಗಳ ಅಂಕಣದಲ್ಲಿ "ಫಿರಂಗಿಯ ಖಾಲಿ ತೋಟಾ ಕವಚ" ಎಂದು ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: "ಖಾಲಿ ಎಂದು ಯಾರು ಹೇಳಿದರು?"

"ತಳದ ಪ್ರೈಮರ್ ಮೇಲೆ ಸೂಜಿ ಹೊಡೆದ ಗುಳಿ ಇರುತ್ತದೆ ಮೇಡಂ, ಹಾರಿಸಿದ್ದು ಎಂದೇ ಅರ್ಥ" ಎಂದೆ. ಇದನ್ನು ಎಲ್ಲೋ ಓದಿದ್ದೆ. ಅವರು ಒಪ್ಪಲಿಲ್ಲ. ದೊಡ್ಡಪ್ಪನನ್ನು ಕೇಳಿದರೆ ಅವರೂ ಒಪ್ಪಲಿಲ್ಲ. "ಗುಳಿ ಇದ್ದರೆ ಸೂಜಿ ಹೊಡೆದಿದೆ ಅಂತ ಅಷ್ಟೇ. ಹೊಡೆದೂ ಹತ್ತದೆ ಉಳಿದಿದ್ದರೆ? ನಾವು ಹೆದರುತ್ತಿದ್ದದ್ದು ಅದಕ್ಕೇ" ಎಂದರು. ನಾವು ವಿಜ್ಞಾನದವರು ತರಗತಿಯಲ್ಲಿ ಮಕ್ಕಳಿಗೆ ತಿದ್ದುವ ತರ್ಕದೋಷವೇ ಇದು. ಒಂದು ಚಿಹ್ನೆ ಎರಡು ಕಾರಣಗಳಿಂದ ಬರಬಹುದಾದರೆ ಅದರಿಂದ ಒಂದನ್ನೇ ತೀರ್ಮಾನಿಸುವಂತಿಲ್ಲ. ಅವರ ಕವಚದಲ್ಲಿ ಪ್ರೈಮರನ್ನೇ ತಿರುಪು ಬಿಚ್ಚಿ ತೆಗೆದುಬಿಟ್ಟಿದ್ದಾರೆ. ಬಾಯಿಂದ ನೋಡಿದರೆ ತಳದ ತೂತಿನಲ್ಲಿ ಬೆಳಕು ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಅದನ್ನೇ ಬರೆದಿದ್ದರು. ನಾನು ಓದಿರಲಿಲ್ಲ.

ಆದರೂ ಮೇಡಂ ಅನುಮತಿ ಕೊಡಲಿಲ್ಲ. ಕಾರಣ ಎರಡು. ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಪಿಸ್ತೂಲುಗಳಷ್ಟೇ ಅಲ್ಲ, ಫಿರಂಗಿಯೂ ಸೇರುತ್ತದೆ. ಮದ್ದುಗುಂಡು ಎಂಬ ಮಾತಿನಲ್ಲಿ ಅದರ ಬಿಡಿಭಾಗಗಳೂ ಬರುತ್ತವೆ. ಬಳಸಲಾಗದ ಹಳೆಯ ಮಾದರಿಗಳಿಗೆ ವಿನಾಯಿತಿ ಇದ್ದರೂ ಒಂದು ವಸ್ತು ಅದರಲ್ಲಿ ಬರುತ್ತದೆಯೇ ಎಂದು ತೀರ್ಮಾನಿಸುವವರು ನಾವಲ್ಲ. ನೂರು ವರ್ಷಕ್ಕೂ ಹಳೆಯದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬರುತ್ತದೆ. ದೊಡ್ಡಪ್ಪ ಠಾಣೆಗೆ ಬರೆದು ತಿಳಿಸಿ ಪ್ರತಿ ಇಟ್ಟುಕೊಂಡಿದ್ದಾರೆ. ಆದರೆ ಅದು ಅವರ ಮನೆಯಲ್ಲಿ ಇಡುವುದಕ್ಕೆ, ನಾನು ಬಸ್ಸಿನಲ್ಲಿ ಒಯ್ಯುವುದಕ್ಕಲ್ಲ.

ಎರಡನೆಯ ಕಾರಣ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. "ನಿಮ್ಮ ಕವಚ ಖಾಲಿ, ಒಪ್ಪಿದೆ. ಅದನ್ನು ಮೇಜಿನ ಮೇಲೆ ಇಟ್ಟು ಮಕ್ಕಳ ಕೈಗೆ ಕೊಟ್ಟರೆ ಅವರು ಕಲಿಯುವುದೇನು? ಇಂಥ ವಸ್ತು ಸಿಕ್ಕರೆ ಕೈಗೆತ್ತಿಕೊಂಡು ನೋಡಬಹುದು ಎಂದು. ನಾಳೆ ಅವರಿಗೆ ಸಿಗುವುದು ಖಾಲಿಯಾಗಿರುತ್ತದೆಯೇ?" ಎಂದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದ್ದನ್ನು ಅವರೇ ನೆನಪಿಸಿದರು. ಟಿಪ್ಪು ಕಾಲದವು ಎಂದು ಗುರುತಿಸಿದ ಅವುಗಳ ಸುಳಿವು ಸಿಕ್ಕಿದ್ದೇ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದುದರಿಂದ. ಇನ್ನೂರು ವರ್ಷವಾದರೂ ವಾಸನೆ ಹೋಗಿರಲಿಲ್ಲ.

ಕವಚ ಕೋಣೆಯಲ್ಲೇ ಉಳಿಯಿತು. ಅದರ ಫೋಟೊ, ಪ್ಲೈವುಡ್ ಮಾದರಿ ಮತ್ತು ಚೀಟಿಯ ನಕಲು ಶಾಲೆಗೆ ಬಂದವು.

ಪಾಠ ನಡೆದ ಬಗೆ

ತೊಡಗಿಸಿಕೊಳ್ಳುವಿಕೆಗೆ ದಸರಾದ ಕುಶಾಲತೋಪಿನಿಂದ ಆರಂಭಿಸಿದೆ. ಅರಮನೆಯ ಬಳಿ ಏಳು ಫಿರಂಗಿಗಳಿಂದ 21 ಸಲ ಸಿಡಿಸುವುದನ್ನು, ಆನೆಗಳು ಬೆದರದಿರಲೆಂದು ಮೊದಲೇ ತಾಲೀಮು ನಡೆಸುವುದನ್ನು ಮಕ್ಕಳೇ ಹೇಳಿದರು. "ಅದರಲ್ಲಿ ಗುಂಡೇ ಇರಲ್ಲ ಮಿಸ್, ಬರೀ ಮದ್ದು. ಹಂಗಾದ್ರೆ ಹಿಂದಕ್ಕೆ ಒದೆಯುತ್ತಾ?" ಎಂದು ಒಬ್ಬ ಕೇಳಿದ. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಅನ್ವೇಷಣೆಗೆ ಎರಡು ಮರದ ಹಲಗೆಗಳನ್ನು ಮಾಡಿದ್ದೆ. ಮೊದಲನೆಯದರ ಮೇಲೆ ಪ್ಲಾಸ್ಟಿಕ್ ಕೊಳವೆಯನ್ನು ಭದ್ರವಾಗಿ ಕಟ್ಟಿದ್ದೆ. ಎರಡನೆಯದರಲ್ಲಿ ಕೊಳವೆ ಹಿಂದಕ್ಕೆ ಜಾರಬಹುದು, ಒಂದು ರಬ್ಬರ್ ಪಟ್ಟಿ ಅದನ್ನು ನಿಧಾನವಾಗಿ ತಡೆಯುತ್ತದೆ. ಎರಡರಲ್ಲೂ ಒಂದೇ ಬಗೆಯ ಸ್ಪ್ರಿಂಗ್, ಒಂದೇ ಗೋಲಿ. ಬಟ್ಟೆ ಹಾಸಿದ ಬೆಂಚಿನ ಮೇಲಿಟ್ಟು ದಾರ ಕತ್ತರಿಸಿದರೆ ಗೋಲಿ ಎದುರಿನ ರಟ್ಟಿನ ಡಬ್ಬಕ್ಕೆ ಹಾರುತ್ತದೆ. ಮೊದಲನೆಯ ಹಲಗೆ ಪ್ರತಿ ಸಲ ಹಿಂದಕ್ಕೆ ಸರಿಯಿತು. ಎರಡನೆಯದರಲ್ಲಿ ಕೊಳವೆ ಮಾತ್ರ ಹಿಂದೆ ಹೋಗಿ ಮರಳಿತು, ಹಲಗೆ ಕದಲಲಿಲ್ಲ. ಮಕ್ಕಳು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಅಳೆದರು.

ವಿವರಣೆಯಲ್ಲಿ 25 ಪೌಂಡರಿನ ಅಂಕಿಗಳನ್ನು ಕೊಟ್ಟೆ. ಮೂರೂ ಚೀಲ ಮದ್ದು ಹಾಕಿದಾಗ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಶೆಲ್ಲಿನ ಸಂವೇಗ 11.3 × 450 = 5,085 ಕಿ.ಗ್ರಾಂ. ಮೀ./ಸೆ. ಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅಷ್ಟೇ ಸಂವೇಗ ಹಿಂದಕ್ಕೂ ಬರಬೇಕು. 1,630 ಕಿಲೋಗ್ರಾಂ ತೂಕದ ಇಡೀ ಫಿರಂಗಿ ತಡೆಯಿಲ್ಲದೆ ಜಾರಿದರೆ ಅದರ ವೇಗ ಸೆಕೆಂಡಿಗೆ 3 ಮೀಟರಿಗಿಂತ ಹೆಚ್ಚು. ಹಿಂದೆ ನಿಂತವನ ಗತಿ ಏನು ಎಂದು ಮಕ್ಕಳಿಗೆ ಹೇಳಬೇಕಾಗಲಿಲ್ಲ.

ಹಳೆಯ ಕಾಲದ ತೋಪುಗಳು ಹಾಗೆಯೇ ಹಿಂದಕ್ಕೆ ಉರುಳುತ್ತಿದ್ದವು. ಪ್ರತಿ ಸಲ ದೂಡಿ ತಂದು ಮತ್ತೆ ಗುರಿ ಹಿಡಿಯಬೇಕಿತ್ತು. ಇದನ್ನು ಯಶಸ್ವಿಯಾಗಿ ಬದಲಿಸಿದ್ದು 1897ರ ಫ್ರೆಂಚ್ 75 ಮಿ.ಮೀ. ಫಿರಂಗಿ. ಅದರಲ್ಲಿ ನಳಿಗೆ ಮಾತ್ರ ಹಿಂದೆ ಸರಿಯುತ್ತದೆ. ಎಣ್ಣೆ ಮತ್ತು ಒತ್ತಿದ ಗಾಳಿ ಅದನ್ನು ತಡೆದು ಸ್ವಸ್ಥಾನಕ್ಕೆ ತರುತ್ತವೆ. 25 ಪೌಂಡರಿನಲ್ಲೂ ಇದೇ ಬಗೆಯ ಏರ್ಪಾಡು. ಅರ್ಥವಾಗಲೆಂದು ಎರಡು ಕಾಲಗಳನ್ನು ನಾನೇ ಊಹಿಸಿ ಕೊಟ್ಟೆ: ಆ ಸಂವೇಗವನ್ನು 0.01 ಸೆಕೆಂಡಿನಲ್ಲಿ ತಡೆದರೆ ಬಲ 5,08,500 ನ್ಯೂಟನ್, 0.5 ಸೆಕೆಂಡಿನಲ್ಲಿ ತಡೆದರೆ 10,170 ನ್ಯೂಟನ್. "ಕ್ಯಾಚ್ ಹಿಡಿಯೋವಾಗ ಕೈ ಹಿಂದಕ್ಕೆ ಎಳ್ಕೊಳ್ಳೋ ಥರಾನೇ ಮಿಸ್" ಎಂದಳು ಮೊದಲ ಸಾಲಿನ ಹುಡುಗಿ. ಹಿಂದಿನ ಪಾಠವನ್ನು ಈ ಪಾಠಕ್ಕೆ ಜೋಡಿಸಿದ್ದು ಅವಳು. ಕುಶಾಲತೋಪಿನ ಪ್ರಶ್ನೆಗೂ ಮಕ್ಕಳೇ ಉತ್ತರ ಕಂಡುಕೊಂಡರು: ಹೊರಗೆ ನುಗ್ಗುವ ಅನಿಲಕ್ಕೂ ದ್ರವ್ಯರಾಶಿ ಇದೆ, ಆದ್ದರಿಂದ ಒದೆತ ಇರುತ್ತದೆ, ಕಡಿಮೆ ಇರುತ್ತದೆ.

ಪಾಠಯೋಜನೆಯಲ್ಲಿ ಇರದ ಪ್ರಶ್ನೆ

ಅವಧಿ ಮುಗಿಯಲು ಐದು ನಿಮಿಷವಿತ್ತು. ಚೀಟಿಯ ನಕಲು ನೋಡುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ನಾಲ್ಕನೇದರಲ್ಲಿ ಗೊತ್ತಿಲ್ಲ ಅಂತಿದೆ. ಆ ಶೆಲ್ ಬಿದ್ದ ಕಡೆ ಯಾರಿದ್ರು ಮಿಸ್?" ಎಂದು ಕೇಳಿದಳು.

"ಅದು ಇವತ್ತಿನ ಪಾಠಕ್ಕೆ ಬರಲ್ಲ" ಎಂದು ಹೇಳಿ ಮನೆಗೆಲಸ ಬರೆಸಿದೆ. ಇದು ನನ್ನ ಎರಡನೆಯ ತಪ್ಪು.

ಪಾಠೋತ್ತರ ಚರ್ಚೆಯಲ್ಲಿ ಸಹಪಾಠಿ ವೀಕ್ಷಕರು ಚಟುವಟಿಕೆ, ಲೆಕ್ಕ, ಕಪ್ಪುಹಲಗೆ ಕೆಲಸಗಳಿಗೆ ಒಳ್ಳೆಯ ಅಂಕ ಕೊಟ್ಟರು. ಮೇಡಂ ಬರೆದದ್ದು ಒಂದು ಸಾಲು: "ಕೊನೆಯ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋದಿರಿ. ನಿಮಗೆ ಉತ್ತರ ಗೊತ್ತಿರಲಿಲ್ಲವೇ, ಹೇಳಲು ಇಷ್ಟವಿರಲಿಲ್ಲವೇ?"

ಆ ವಾರಾಂತ್ಯ ಊರಿಗೆ ಹೋಗಿ ದೊಡ್ಡಪ್ಪನನ್ನೇ ಕೇಳಿದೆ. ಅವರು ಬೇಗ ಉತ್ತರಿಸಲಿಲ್ಲ. ಕಾಫಿ ಮುಗಿದ ಮೇಲೆ ಹೇಳಿದರು: "ನಾವು ಬಿದ್ದ ಜಾಗ ನೋಡ್ತಾ ಇರಲಿಲ್ಲ ಮಗ. ಹತ್ತು ಕಿಲೋಮೀಟರ್ ಆಚೆ. ಕೋನ ಕೊಡೋರು, ಚೀಲ ಹೇಳೋರು, ನಾವು ಹಾಕೋದು. ಈ ಕವಚ ಯಾವ ಮೈದಾನದಲ್ಲಿ ಹಾರಿಸಿದ್ದೋ, ಅಭ್ಯಾಸಕ್ಕೋ ಯುದ್ಧಕ್ಕೋ, ಅದೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯೋದಕ್ಕೂ ಒಂದು ಸಾಲು ಬೇಕು ಅಂತ ಇಟ್ಟಿದ್ದೀನಿ. ಇಲ್ಲದಿದ್ರೆ ನೋಡೋಕೆ ಬಂದೋರು ಹಿತ್ತಾಳೆ ನೋಡಿ ಹೋಗ್ತಾರೆ."

ಸೋಮವಾರ ತರಗತಿಯಲ್ಲಿ ಮೊದಲ ಹತ್ತು ನಿಮಿಷ ಆ ಹುಡುಗಿಯ ಪ್ರಶ್ನೆಗೆ ಕೊಟ್ಟೆ. ದೊಡ್ಡಪ್ಪನ ಮಾತನ್ನು ಹಾಗೆಯೇ ಹೇಳಿದೆ. ನಿಯಮ ಫಿರಂಗಿಗೂ ಗೋಲಿಗೂ ಒಂದೇ, ಫಿರಂಗಿಯ ಉದ್ದೇಶ ಬೇರೆ ಎಂದೆ. ಅವತ್ತು ನಾನು ಉತ್ತರಿಸದೆ ಹೋದದ್ದು ತಪ್ಪು ಎಂದೂ ಹೇಳಿದೆ. ಮಕ್ಕಳು ಗಲಾಟೆ ಮಾಡಲಿಲ್ಲ.

ವಿಸ್ತರಣೆ: ಮನೆಯ ವಸ್ತುವಿಗೆ ಚೀಟಿ

ಮುಂದಿನ ಚಟುವಟಿಕೆಯಾಗಿ ಮನೆಯಲ್ಲಿರುವ ಒಂದು ಹಳೆಯ ವಸ್ತುವಿಗೆ ಇದೇ ನಾಲ್ಕು ಸಾಲಿನ ಚೀಟಿ ಬರೆದು ತರಲು ಹೇಳಿದೆ. ವಸ್ತು ತರುವಂತಿಲ್ಲ, ಚೀಟಿ ಮಾತ್ರ. ಸೇರು, ಕಂದೀಲು, ಬೀಸುಕಲ್ಲು, ಅಜ್ಜನ ರೇಡಿಯೊ, ತಕ್ಕಡಿ ಹೀಗೆ 31 ಚೀಟಿಗಳು ಬಂದವು. ತರಗತಿಯ ಹಿಂಬದಿ ಗೋಡೆಗೆ ದಾರ ಕಟ್ಟಿ ತೂಗುಹಾಕಿದೆವು. ಹೆಚ್ಚಿನವರು ಮೂರನೆಯ ಸಾಲನ್ನು "ಅಪಾಯ ಇಲ್ಲ" ಎಂದು ಮುಗಿಸಿದ್ದರು. ನೋಡಿದವರು ಯಾರು, ಹೇಗೆ ಎಂದು ಮತ್ತೆ ಕೇಳಿ ತಿದ್ದಿಸಬೇಕಾಯಿತು.

ಸದಾ ಸುಮ್ಮನಿರುವ ಒಬ್ಬ ಹುಡುಗ ತನ್ನ ಚೀಟಿಯನ್ನು ದಾರಕ್ಕೆ ಹಾಕದೆ ನನ್ನ ಕೈಗೆ ಕೊಟ್ಟ. ಅದರಲ್ಲಿ ಹೀಗಿತ್ತು:

1. ಹಂದಿ ಓಡಿಸಲು ಹಚ್ಚಿದ ಪಟಾಕಿ, ಸಿಡಿದಿಲ್ಲ
2. ನಮ್ಮ ಹೊಲದ ಬದು, ಹೋದ ತಿಂಗಳು
3. ಯಾರೂ ನೋಡಿಲ್ಲ
4. ಇನ್ನೂ ಏನೂ ಮಾಡಿಲ್ಲ

ಅದನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದನಂತೆ. ತಕ್ಷಣ ಮುಖ್ಯಶಿಕ್ಷಕರಿಗೆ ತಿಳಿಸಿದೆ. ಅವರು ಹುಡುಗನ ತಂದೆಗೆ ಫೋನ್ ಮಾಡಿ ಯಾರೂ ಮುಟ್ಟಬಾರದು, ಕೊಟ್ಟಿಗೆಗೆ ಹೋಗಬಾರದು ಎಂದು ಹೇಳಿ, ಪೊಲೀಸರಿಗೂ ತಿಳಿಸಿದರು. ಸಂಜೆಯೊಳಗೆ ಅದನ್ನು ತೆಗೆದುಕೊಂಡು ಹೋದರು. ಆ ಹುಡುಗನನ್ನು ಯಾರೂ ಬೈಯದಂತೆ ನೋಡಿಕೊಂಡದ್ದು ಮುಖ್ಯಶಿಕ್ಷಕರು. ಬೈದಿದ್ದರೆ ಮುಂದಿನ ಚೀಟಿ ಬರುತ್ತಿರಲಿಲ್ಲ.

ಆ ದಿನ ನಾನು ಹೊಳೆಯುವ ಕವಚವನ್ನು ಮೇಜಿನ ಮೇಲೆ ಇಟ್ಟು ಕೈಯಿಂದ ಕೈಗೆ ದಾಟಿಸಿದ್ದರೆ ಈ ಹುಡುಗ ತನ್ನ ಡಬ್ಬಿಯನ್ನೇ ಶಾಲೆಗೆ ತರುತ್ತಿದ್ದನೋ ಏನೋ. ಇದನ್ನು ಈಗಲೂ ಯೋಚಿಸುತ್ತೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹಳೆಯ ಸೇನಾ ಸಾಮಗ್ರಿ ಕೂಡಿಡುವ ಹವ್ಯಾಸಿಗಳು ನಿಮ್ಮ ಊರಿನಲ್ಲೂ ಇರಬಹುದು. ಅವರಿಂದ ಪಾಠಕ್ಕೆ ಬೇಕಾದಷ್ಟು ಸಿಗುತ್ತದೆ. ನನ್ನ ಅನುಭವದಿಂದ ಕೆಲವು ಮಾತುಗಳು:

• ವಸ್ತುವನ್ನು ತರಗತಿಗೆ ತರಬೇಡಿ. ಫೋಟೊ, ಮಾದರಿ, ಅಂಕಿಅಂಶ ಸಾಕು. ನಿಜವಾದದ್ದೇ ಬೇಕೆಂದರೆ ಮುಖ್ಯಶಿಕ್ಷಕರ ಅನುಮತಿ ಪಡೆದು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ.
• ಖಾಲಿ, ಸತ್ತಿದೆ, ಹಳೆಯದು ಎಂಬ ಮಾತುಗಳನ್ನು ಪುರಾವೆ ಎಂದುಕೊಳ್ಳಬೇಡಿ. ಗುರುತಿಲ್ಲದ್ದು ಸಿಕ್ಕರೆ ಮುಟ್ಟದೆ ದೂರ ಸರಿದು 112ಕ್ಕೆ ತಿಳಿಸಬೇಕು ಎಂಬುದನ್ನು ಪಾಠದ ಭಾಗವಾಗಿಯೇ ಹೇಳಿ.
• ತಿಕ್ಕಿ ತೊಳೆಯಬೇಡಿ.
• ಪಾಠಯೋಜನೆಯಲ್ಲಿ ನಾಲ್ಕನೆಯ ಸಾಲಿಗೆ ಐದು ನಿಮಿಷ ಇಡಿ. ಆ ಪ್ರಶ್ನೆಯನ್ನು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ.

ದೊಡ್ಡಪ್ಪನ ಕವಚದ ಚೀಟಿಯಲ್ಲಿ ಈಗ ಎರಡನೆಯ ಸಾಲಿಗೆ ಹೊಸದೊಂದು ಮಾತು ಸೇರಿದೆ: "ಪಕ್ಕದ ಅಚ್ಚಕ್ಷರಗಳು ಹುಣಸೆಹಣ್ಣಿನಿಂದ ಅಳಿಸಿಹೋಗಿವೆ." ಬರೆದದ್ದು ನಾನೇ. ದೊಡ್ಡಪ್ಪ ತಾರೀಖನ್ನೂ ಹಾಕಿಸಿದರು.